ಕಥೆಯನ್ನು ಯಾರ ಕಣ್ಣಿಂದ ನೋಡಬೇಕು? ಹೊಸ ಕಥೆಗಾರರಿಗೆ ದೃಷ್ಟಿಕೋನದ ಸಮಗ್ರ ಮಾರ್ಗದರ್ಶಿ

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಹೊಸಬರ ಕಥೆಗಳನ್ನು ಓದುವಾಗ ಒಂದು ತೊಂದರೆ ಮತ್ತೆ ಮತ್ತೆ ಕಾಣುತ್ತದೆ. ಘಟನೆ ಗಟ್ಟಿಯಾಗಿರುತ್ತದೆ. ಮಾತುಕತೆಯಲ್ಲಿ ನಮ್ಮ ಊರಿನ ಉಸಿರು ಇರುತ್ತದೆ. ಆದರೂ ಓದುವವರು ಕಥೆಯೊಳಗೆ ಕಾಲಿಡಲು ಆಗುವುದಿಲ್ಲ. ಬಹಳ ಸಲ ಕಾರಣ ಇಷ್ಟೇ: ಈ ಘಟನೆಯನ್ನು ಯಾರು ನೋಡುತ್ತಿದ್ದಾರೆ ಅಂತ ಬರೆದವರು ತೀರ್ಮಾನ ಮಾಡಿಲ್ಲ.

‘ನಾನು’ ಅಂತ ಬರೆಯಲೋ, ‘ಅವನು’ ಅಂತ ಬರೆಯಲೋ ಅನ್ನುವುದಷ್ಟೇ ದೃಷ್ಟಿಕೋನ ಅಂತ ಶಾಲೆ ಕಾಲೇಜಿನಲ್ಲಿ ಕಲಿತಿರುತ್ತೇವೆ. ಅದು ಬಾಗಿಲು ಮಾತ್ರ. ಯಾರಿಗೆ ಏನು ಗೊತ್ತು, ಯಾರಿಗೆ ಏನು ಗೊತ್ತಿಲ್ಲ ಅನ್ನುವುದರ ಮೇಲೆ ಇಡೀ ಕಥೆ ನಿಂತಿರುತ್ತದೆ. ಇನ್ನೊಂದು ಮಾತು. ಕನ್ನಡದಲ್ಲಿ ದೃಷ್ಟಿಕೋನ ಕೂತಿರುವುದು ತೀರಾ ಸಣ್ಣ ಪದಗಳಲ್ಲಿ. ತಾನು, ಅಂತೆ, ಬಂದ, ಹೋದ, ಅವರು. ಇಂಗ್ಲಿಷ್ ಪುಸ್ತಕಗಳಿಂದ ಕಥೆ ಕಟ್ಟುವುದನ್ನು ಕಲಿತವರಿಗೆ ಇದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ಹಾಗಾಗಿ ಈ ಬರಹದಲ್ಲಿ ಆ ಭಾಗಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಮೊದಲು ಒಂದು ಘಟನೆ ಕೈಯಲ್ಲಿರಲಿ

ಸುಮ್ನೆ ನಿಯಮ ಓದಿದರೆ ಇದು ತಲೆಗೆ ಹತ್ತುವುದಿಲ್ಲ. ಒಂದೇ ಘಟನೆಯನ್ನು ಬೇರೆ ಬೇರೆ ಕಣ್ಣಿಂದ ಬರೆದು ನೋಡಬೇಕು. ಕೆಳಗಿನದು ಅಭ್ಯಾಸಕ್ಕಾಗಿ ಕಟ್ಟಿದ ಘಟನೆ.

ತುಂಗಭದ್ರಾ ಎಡದಂಡೆ ಕಾಲುವೆ ಮುನಿರಾಬಾದಿನ ಹತ್ತಿರ ಹೊರಟು ಗಂಗಾವತಿ, ಕಾರಟಗಿ, ಸಿಂಧನೂರು ದಾಟಿ ಮಾನ್ವಿ, ರಾಯಚೂರಿನ ಕಡೆ ಬರುತ್ತದೆ. 200 ಕಿಲೋಮೀಟರಿಗೂ ಜಾಸ್ತಿ ಉದ್ದ. ಮೇಲ್ಭಾಗದಲ್ಲಿ ತೂಬು ಎತ್ತಿದರೆ ಕೊನೆಭಾಗಕ್ಕೆ ನೀರು ಮುಟ್ಟುವುದಿಲ್ಲ. ಈ ಜಗಳ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ ಹೇಳಿ. ಹನುಮಂತನ ಗದ್ದೆ ಕೊನೆಭಾಗದಲ್ಲಿದೆ. ಭತ್ತ ತೆನೆ ಒಡೆಯುವ ಹೊತ್ತು, ನೀರಿಲ್ಲ. ಮೇಲೆ ಯಾರೋ ರಾತ್ರಿ ತೂಬು ಎತ್ತುತ್ತಿದ್ದಾರೆ. ಒಂದು ರಾತ್ರಿ ಅವನು ಕಾಲುವೆ ಏರಿ ಮೇಲೆ ಹೋಗುತ್ತಾನೆ. ಅಲ್ಲಿ ತೂಬಿನ ಶಟರ್ ಎತ್ತುತ್ತಿರುವವನು ಅವನ ಸ್ವಂತ ತಮ್ಮ ಶರಣಪ್ಪ. ತಮ್ಮ ಈ ವರ್ಷ ಮೇಲ್ಭಾಗದಲ್ಲಿ ಲೀಜಿಗೆ ಗದ್ದೆ ಹಿಡಿದಿದ್ದಾನೆ. ಮನೆಯಲ್ಲಿ ಹನುಮಂತನ ಹೆಂಡತಿ ದುರುಗಮ್ಮ ಎಚ್ಚರವಾಗಿ ಕೂತಿದ್ದಾಳೆ. ಕಾಲುವೆ ಕಾಯುವ ಗ್ಯಾಂಗ್‌ಮನ್ ಹುಸೇನಪ್ಪ ದೂರದಿಂದ ನೋಡಿದ್ದಾನೆ, ನೋಡದವನ ಹಾಗೆ ಇದ್ದಾನೆ.

ನಾಲ್ಕು ಜನ, ಒಂದು ರಾತ್ರಿ. ನಿಮ್ಮ ಬಳಿ ನಿಮ್ಮದೇ ಘಟನೆ ಇದ್ದರೆ ಇನ್ನೂ ಒಳ್ಳೆಯದು. ಅದನ್ನೇ ಇಟ್ಟುಕೊಂಡು ಮುಂದಿನ ಹೆಜ್ಜೆಗಳನ್ನು ಮಾಡಿ.

ಹೆಜ್ಜೆ 1: ಎರಡು ಪ್ರಶ್ನೆಗಳನ್ನು ಬೇರೆ ಮಾಡಿ

ಯಾರು ಹೇಳುತ್ತಿದ್ದಾರೆ? ಯಾರು ನೋಡುತ್ತಿದ್ದಾರೆ? ಇವೆರಡೂ ಒಂದೇ ಅಂತ ಅನ್ನಿಸುತ್ತದೆ. ಫ್ರಾನ್ಸಿನ ವಿಮರ್ಶಕ ಜೆರಾರ್ ಜೆನೆಟ್ 1972ರಲ್ಲಿ ಇವನ್ನು ಸ್ಪಷ್ಟವಾಗಿ ಬೇರ್ಪಡಿಸಿದರು. ಕಥೆ ಬರೆಯುವವರಿಗೆ ಇಷ್ಟು ಉಪಯೋಗಕ್ಕೆ ಬರುವ ವಿಮರ್ಶೆಯ ಮಾತು ಕಡಿಮೆ.

ನಲವತ್ತು ವರ್ಷದ ಹನುಮಂತ ತನ್ನ ಹತ್ತನೇ ವಯಸ್ಸಿನ ಕಥೆ ಹೇಳುತ್ತಾನೆ ಅಂದುಕೊಳ್ಳಿ. ಹೇಳುವವನು ದೊಡ್ಡವನು, ನೋಡುವವನು ಹುಡುಗ. ಹುಡುಗ ‘ಸಾಹುಕಾರರು ನಕ್ಕರು’ ಅಂತ ಮಾತ್ರ ನೋಡಿರುತ್ತಾನೆ. ಆ ನಗು ಬಡ್ಡಿ ಲೆಕ್ಕದ ನಗು ಅಂತ ದೊಡ್ಡವನಿಗೆ ಗೊತ್ತು. ಎರಡರಲ್ಲಿ ಯಾವುದನ್ನು ಬರೆಯುತ್ತೀರಿ ಅನ್ನುವುದರ ಮೇಲೆ ಕಥೆ ಬದಲಾಗುತ್ತದೆ.

‘ಅವನು’ ಅಂತ ಬರೆದಾಗಲೂ ಹೀಗೆಯೇ. ಹೇಳುವ ದನಿ ಲೇಖಕರದು, ನೋಡುವ ಕಣ್ಣು ಹನುಮಂತನದು. ಕಾಗದದ ಮೇಲ್ಗಡೆ ಎರಡು ಸಾಲು ಬರೆದಿಡಿ: ಹೇಳುವವರು ಇಂಥವರು, ನೋಡುವವರು ಇಂಥವರು. ಬರೆಯಲು ಆಗದಿದ್ದರೆ ಇನ್ನೂ ತೀರ್ಮಾನ ಆಗಿಲ್ಲ ಅಂತ ಅರ್ಥ.

ಹೆಜ್ಜೆ 2: ಗೊತ್ತಿಲ್ಲದವರನ್ನು ಹುಡುಕಿ

ಯಾರ ಕಣ್ಣು ಆರಿಸಬೇಕು? ‘ಮುಖ್ಯ ಪಾತ್ರದ್ದು’ ಅಂತ ಎಲ್ಲರೂ ಹೇಳುತ್ತಾರೆ. ನಾನು ಬೇರೆ ಪ್ರಶ್ನೆ ಕೇಳುತ್ತೇನೆ. ಈ ಘಟನೆಯಲ್ಲಿ ಯಾರಿಗೆ ಮುಖ್ಯವಾದ ಸಂಗತಿ ಗೊತ್ತಿಲ್ಲ, ಮತ್ತು ಅದು ಗೊತ್ತಾದರೆ ಯಾರಿಗೆ ಜಾಸ್ತಿ ನೋವಾಗುತ್ತದೆ?

ಹನುಮಂತನಿಗೆ ಕಳ್ಳ ಯಾರು ಅಂತ ಗೊತ್ತಿಲ್ಲ. ಗೊತ್ತಾದ ಕ್ಷಣವೇ ಕಥೆಯ ಪೆಟ್ಟು. ಶರಣಪ್ಪನಿಗೆ ಎಲ್ಲ ಗೊತ್ತು, ಅಣ್ಣ ಬರುತ್ತಾನೆ ಅನ್ನುವುದೊಂದನ್ನು ಬಿಟ್ಟು. ಅವನ ಕಣ್ಣಿಂದ ಬರೆದರೆ ಕಳ್ಳ ಯಾರು ಅನ್ನುವ ಕುತೂಹಲ ಹೋಗುತ್ತದೆ. ಅದರ ಜಾಗಕ್ಕೆ ಸಿಕ್ಕಿಬೀಳುವ ಭಯ ಬರುತ್ತದೆ. ದುರುಗಮ್ಮ ಕಾಲುವೆಗೆ ಹೋಗಿಯೇ ಇಲ್ಲ. ಗಂಡ ಬಾಯಿ ಬಿಡದಿದ್ದರೆ ಅವಳಿಗೆ ಏನೂ ತಿಳಿಯುವುದಿಲ್ಲ. ಹುಸೇನಪ್ಪ ಎಲ್ಲವನ್ನೂ ನೋಡಿದ್ದಾನೆ, ಅವನಿಗೆ ಕಳೆದುಕೊಳ್ಳಲು ಇರುವುದು ನೌಕರಿ.

ಮುಖ್ಯ ಪಾತ್ರ ಬೇರೆ, ನಿರೂಪಕ ಬೇರೆ ಆಗಿದ್ದರೂ ಕಥೆ ಚೆನ್ನಾಗಿ ನಡೆಯುತ್ತದೆ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿ ಓದಿದವರಿಗೆ ಇದು ಗೊತ್ತಿದೆ. ಹೆಸರು ವಿಜ್ಞಾನಿಯದು, ಹೇಳುವ ‘ನಾನು’ ಅವರ ಪಕ್ಕದಲ್ಲಿ ಬೆರಗಿನಿಂದ ನಡೆಯುವವನು. ಕರ್ವಾಲೊ ಅವರ ತಲೆಯೊಳಗೆ ನಮಗೆ ಪ್ರವೇಶ ಇಲ್ಲ. ಹಾಗಾಗಿಯೇ ಅವರು ಕೊನೆತನಕ ನಮಗೆ ಅಷ್ಟು ದೊಡ್ಡವರಾಗಿ ಕಾಣುತ್ತಾರೆ.

ಹೆಜ್ಜೆ 3: ಅದೇ ದೃಶ್ಯವನ್ನು ಬೇರೆ ಬೇರೆ ರೀತಿ ಬರೆಯಿರಿ

ಒಂದೊಂದಕ್ಕೂ ಐದಾರು ಸಾಲು ಸಾಕು. ಆದರೆ ಬರೆಯಲೇಬೇಕು. ಮನಸ್ಸಿನಲ್ಲಿ ಯೋಚಿಸಿದರೆ ಎಲ್ಲವೂ ಒಂದೇ ಥರ ಕೇಳಿಸುತ್ತದೆ.

ಮೊದಲು ಉತ್ತಮ ಪುರುಷ, ಅಂದರೆ ‘ನಾನು’ ಹೇಳುವುದು, ಘಟನೆಗೆ ಅಂಟಿಕೊಂಡು:

“ಟಾರ್ಚ್ ಹಚ್ಚಲಿಲ್ಲ. ಏರಿ ಮೇಲೆ ಬಗ್ಗಿ ನಡೆದೆ. ತೂಬಿನ ಹತ್ತಿರ ಯಾರೋ ಕೂತಿದ್ದರು. ಕಬ್ಬಿಣ ಕಿರುಗುಟ್ಟಿತು. ಆಮೇಲೆ ಒಂದು ಕೆಮ್ಮು. ಆ ಕೆಮ್ಮು ನನಗೆ ಗೊತ್ತಿತ್ತು.”

ಇಲ್ಲಿ ‘ನಾನು’ ಅನ್ನುವ ಪದವೇ ಇಲ್ಲ, ಗಮನಿಸಿದಿರಾ? ‘ನಡೆದೆ’ ಅನ್ನುವ ಕ್ರಿಯಾಪದವೇ ಆ ಕೆಲಸ ಮಾಡಿಬಿಡುತ್ತದೆ. ಸಾಲಿಗೊಂದು ‘ನಾನು’ ಹಾಕುವ ಅಭ್ಯಾಸ ಹೊಸಬರಲ್ಲಿ ಬಹಳ. ಅದನ್ನು ತೆಗೆದರೆ ಓದುವವರು ಹನುಮಂತನನ್ನು ನೋಡುವುದು ಬಿಟ್ಟು ಕಾಲುವೆಯನ್ನು ನೋಡತೊಡಗುತ್ತಾರೆ.

ಅದೇ ಹನುಮಂತ, ವರ್ಷಗಳಾದ ಮೇಲೆ:

“ಆ ರಾತ್ರಿ ಟಾರ್ಚ್ ಹಚ್ಚಿದ್ದರೆ ಅವನು ಓಡಿಹೋಗುತ್ತಿದ್ದ. ಯಾರು ಅಂತ ನನಗೆ ತಿಳಿಯುತ್ತಲೇ ಇರಲಿಲ್ಲ. ಇವತ್ತಿಗೂ ಒಂದೇ ಮನೆಯಲ್ಲಿ ಉಣ್ಣುತ್ತಿದ್ದೆವೋ ಏನೋ.”

ಇದರಲ್ಲಿ ಕುತೂಹಲ ಕಡಿಮೆ, ಪಶ್ಚಾತ್ತಾಪ ಜಾಸ್ತಿ. ಎರಡನ್ನೂ ಬೆರೆಸಬಹುದು. ಆದರೆ ಹಿಂದಿರುಗಿ ನೋಡುವ ದನಿ ಒಮ್ಮೆ ಬಂದರೆ ‘ಮುಂದೇನಾಯಿತು’ ಅನ್ನುವ ಬಿಗಿ ಸಡಿಲವಾಗುತ್ತದೆ ಅಂತ ತಿಳಿದೇ ಬೆರೆಸಿ.

ಈಗ ಪ್ರಥಮ ಪುರುಷ, ಅಂದರೆ ‘ಅವನು’, ‘ಅವಳು’ ಅಂತ ಬರೆಯುವುದು, ಒಬ್ಬರ ಮನಸ್ಸಿಗೆ ಸೀಮಿತ. ದುರುಗಮ್ಮನ ಕಣ್ಣು:

“ಗಂಡ ಬಂದ. ಕಾಲು ತೊಳೆಯಲಿಲ್ಲ. ‘ನೀರು ಬಂದವೇನು?’ ಅಂದಳು. ಮಾತಿಲ್ಲ. ಜಗಳ ಆಡಿಕೊಂಡು ಬಂದಿರಬೇಕು. ಆದರೆ ಜಗಳ ಆಡಿ ಬಂದವನು ಇಷ್ಟು ಮೆಲ್ಲಗೆ ಬಾಗಿಲು ಹಾಕುತ್ತಾನೇನು? ಗೂಟಕ್ಕೆ ಎರಡು ಟವೆಲು ನೇತುಹಾಕಿದ. ಒಂದು ಮೈದುನನದು.”

ಕಾಲುವೆಯ ದೃಶ್ಯವೇ ಇಲ್ಲ. ಆದರೂ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ಘಟನೆಯಲ್ಲಿ ಇಲ್ಲದವರ ಕಣ್ಣು ಎಷ್ಟೋ ಸಲ ಘಟನೆಗೆ ತೀರಾ ಹತ್ತಿರ ಹೋಗುತ್ತದೆ. ‘ಜಗಳ ಆಡಿ ಬಂದವನು’ ಅನ್ನುವ ಸಾಲಿಗೆ ‘ಎಂದುಕೊಂಡಳು’ ಅಂತ ಸೇರಿಸಿಲ್ಲ, ನೋಡಿ. ಅವಳ ಯೋಚನೆ ನಿರೂಪಣೆಯೊಳಗೇ ಕರಗಿದೆ. ಇದನ್ನು ಕಲಿತರೆ ಅರ್ಧ ವಿದ್ಯೆ ಕೈಗೆ ಬಂದ ಹಾಗೆ.

ಸರ್ವಜ್ಞ ನಿರೂಪಕ, ಅಂದರೆ ಎಲ್ಲರ ಮನಸ್ಸನ್ನೂ ಬಲ್ಲ ದನಿ:

“ಅಣ್ಣ ಏರಿ ಹತ್ತುವ ಹೊತ್ತಿಗೆ ತಮ್ಮ ಶಟರ್ ಎತ್ತಿ ಮುಗಿಸಿದ್ದ. ಇಬ್ಬರೂ ಒಂದೇ ಅಂಗಡಿಯಲ್ಲಿ ಗೊಬ್ಬರ ಉದ್ದರಿ ತಂದಿದ್ದರು, ಇದು ಇಬ್ಬರ ಹೆಂಡಂದಿರಿಗೂ ಗೊತ್ತಿರಲಿಲ್ಲ. ಹುಸೇನಪ್ಪ ದೂರದಲ್ಲಿ ಸೈಕಲ್ ನಿಲ್ಲಿಸಿ, ತಾನು ಈ ದಾರಿಗೆ ಬಂದೇ ಇಲ್ಲ ಅಂತ ತೀರ್ಮಾನಿಸಿಕೊಳ್ಳುತ್ತಿದ್ದ.”

ಇದು ಹಳೆಯ ಕಾಲದ್ದು, ಈಗ ಸಲ್ಲದು ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ನಮ್ಮ ನೆಲದ ಕಥೆಯ ಪರಂಪರೆ ಇದರ ಮೇಲೇ ನಿಂತಿದೆ. ಸಂಡೂರು ತಾಲ್ಲೂಕಿನ ದರೋಜಿ ಈರಮ್ಮ ಬುರ್ರಕಥೆ ಅನ್ನುವ ಜನಪದ ಹಾಡುಗಥೆಯಲ್ಲಿ ಕುಮಾರರಾಮನ ಕಥೆ ಹಾಡುತ್ತಿದ್ದರು. ಅಂಥ ಹಾಡುಗಾರಿಕೆಯಲ್ಲಿ ಹೇಳುವವರು ರಾಜನ ಮನಸ್ಸಿಗೂ ಹೋಗುತ್ತಾರೆ, ರಾಣಿಯ ಮನಸ್ಸಿಗೂ ಹೋಗುತ್ತಾರೆ. ಕೇಳುವವರು ಎಲ್ಲೂ ದಾರಿ ತಪ್ಪುವುದಿಲ್ಲ, ಯಾಕೆಂದರೆ ಹೇಳುವ ದನಿ ಒಂದೇ, ಅದು ಗಟ್ಟಿ. ಸರ್ವಜ್ಞ ನಿರೂಪಣೆಗೆ ಬೇಕಾದದ್ದು ಅದೇ. ನಿರೂಪಕರಿಗೆ ತಮ್ಮದೇ ದನಿ, ತಮ್ಮದೇ ನಿಲುವು ಇರಬೇಕು. ಮೊದಲ ಪುಟದಿಂದಲೇ ಅದು ಕೇಳಿಸಬೇಕು. ಆರನೇ ಪುಟದಲ್ಲಿ ಇದ್ದಕ್ಕಿದ್ದಂತೆ ಎಲ್ಲ ಬಲ್ಲವರಾದರೆ ಓದುವವರಿಗೆ ಮೋಸ ಅನ್ನಿಸುತ್ತದೆ.

ಹೊರಗಿನ ನೋಟ ಮಾತ್ರ ಇರುವ ನಿರೂಪಣೆ:

“ಒಬ್ಬ ಏರಿ ಹತ್ತಿದ. ಇನ್ನೊಬ್ಬ ತೂಬಿನ ಹತ್ತಿರ ಎದ್ದು ನಿಂತ. ಇಬ್ಬರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿಗೆ ಮೊದಲಿನವನು ಬೀಡಿ ಕಟ್ಟು ಮುಂದೆ ಚಾಚಿದ.”

ಸಣ್ಣ ದೃಶ್ಯಕ್ಕೆ ಇದು ಬಹಳ ಚೆಂದ. ಉದ್ದದ ಕಥೆಗೆ ಕಷ್ಟ. ‘ನೀನು’ ಅಂತ ಬರೆಯುವ ಮಧ್ಯಮ ಪುರುಷ ಅಪರೂಪದ್ದು. ಒಮ್ಮೆ ಮಾಡಿ ನೋಡಿ, ಮುಂದೆ ಹೋಗೋಣ.

ಹೆಜ್ಜೆ 4: ಸಣ್ಣ ಪದಗಳನ್ನು ಸರಿಪಡಿಸಿ

ಕಣ್ಣು ಆರಿಸಿದ್ದೀರಿ. ಈಗ ಭಾಷೆ ಆ ಕಣ್ಣಿಗೆ ಒಗ್ಗಬೇಕು. ಇಲ್ಲಿ ಆತುರ ಬೇಡ.

ಮೊದಲನೆಯದು ‘ಬಂದ’ ಮತ್ತು ‘ಹೋದ’. ‘ಶರಣಪ್ಪ ತೂಬಿನ ಹತ್ತಿರ ಬಂದ’ ಅಂದರೆ ನಾವು ತೂಬಿನ ಹತ್ತಿರ ನಿಂತಿದ್ದೇವೆ. ‘ಹೋದ’ ಅಂದರೆ ದೂರದಲ್ಲಿದ್ದೇವೆ. ದುರುಗಮ್ಮ ಮನೆಯಲ್ಲಿ ಕೂತಿರುವ ಭಾಗದಲ್ಲಿ ‘ಹನುಮಂತ ಕಾಲುವೆಗೆ ಬಂದ’ ಅಂತ ಬರೆದರೆ ಕಣ್ಣು ತಟ್ಟನೆ ಮನೆಯಿಂದ ಕಾಲುವೆಗೆ ಹಾರಿಬಿಡುತ್ತದೆ. ‘ಈ’, ‘ಆ’, ‘ಇಲ್ಲಿ’, ‘ಅಲ್ಲಿ’ ಕೂಡ ಹೀಗೆಯೇ. ಹಸ್ತಪ್ರತಿಯಲ್ಲಿ ಇವುಗಳಿಗೆಲ್ಲ ಪೆನ್ಸಿಲ್ ಗುರುತು ಹಾಕಿ. ನಿಮ್ಮ ಪಾತ್ರ ನಿಂತ ಜಾಗಕ್ಕೆ ಹೊಂದುತ್ತವೆಯೇ ನೋಡಿ.

ಎರಡನೆಯದು ‘ತಾನು’. ‘ತಮ್ಮ ಅವನನ್ನು ನೋಡಿಲ್ಲ ಅಂತ ಹನುಮಂತನಿಗೆ ಅನ್ನಿಸಿತು.’ ಯಾರನ್ನು ನೋಡಿಲ್ಲ? ಹುಸೇನಪ್ಪನನ್ನೋ, ಹನುಮಂತನನ್ನೋ? ‘ತಮ್ಮ ತನ್ನನ್ನು ನೋಡಿಲ್ಲ ಅಂತ ಅನ್ನಿಸಿತು’ ಅಂದರೆ ಗೊಂದಲ ಇಲ್ಲ. ನಾವು ಹನುಮಂತನ ಒಳಗಿದ್ದೇವೆ. ಇನ್ನೂ ಒಳಗೆ ಹೋಗಿ: ‘ತಾನೇ ಎತ್ತಿ ಆಡಿಸಿದ ಹುಡುಗ. ತನ್ನ ಹೆಗಲ ಮೇಲೆ ಕೂತು ಜಾತ್ರೆ ನೋಡಿದವನು.’ ‘ಅನ್ನಿಸಿತು’ ಇಲ್ಲ, ‘ಯೋಚಿಸಿದ’ ಇಲ್ಲ. ‘ತಾನು’ ಒಂದೇ ಸಾಕು. ಈ ಸೌಲಭ್ಯವನ್ನು ಬಳಸದೆ ಪುಟವಿಡೀ ‘ಅವನು ಅವನನ್ನು’ ಅಂತ ಬರೆಯುವುದು ನನಗೆ ಬೇಸರ ತರಿಸುತ್ತದೆ.

ಮೂರನೆಯದು ‘ಅಂತೆ’. ‘ಶರಣಪ್ಪ ರಾತ್ರಿ ಮನೆಯಲ್ಲಿ ಇರಲಿಲ್ಲ’ ಅನ್ನುವುದು ಕಂಡ ಮಾತು. ‘ಇರಲಿಲ್ಲವಂತೆ’ ಅನ್ನುವುದು ಕೇಳಿದ ಮಾತು. ಒಂದು ಚಿಕ್ಕ ಪ್ರತ್ಯಯ ಇಡೀ ಊರನ್ನು ಕಥೆಯೊಳಗೆ ತರುತ್ತದೆ. ದುರುಗಮ್ಮನ ಭಾಗದಲ್ಲಿ ಕಾಲುವೆಯ ಸುದ್ದಿಯೆಲ್ಲ ‘ಅಂತೆ’ಯಲ್ಲೇ ಬರಬೇಕು. ಅವಳು ಅದನ್ನು ಯಾವಾಗ ಬಿಡುತ್ತಾಳೆ ಅನ್ನುವುದು ದೊಡ್ಡ ತಿರುವು. ‘ಮೈದುನ ತೂಬು ಎತ್ತಿದನಂತೆ’ ಅನ್ನುತ್ತಿದ್ದವಳು ‘ಮೈದುನ ತೂಬು ಎತ್ತಿದ’ ಅಂದ ದಿನ ಅವಳು ನಂಬಿಬಿಟ್ಟಿದ್ದಾಳೆ. ಬೇರೆ ವಿವರಣೆ ಬೇಕಿಲ್ಲ.

ನಾಲ್ಕನೆಯದು ಬೇರೆಯವರ ಮನಸ್ಸು. ನಿಮ್ಮ ಕಣ್ಣಿನ ಪಾತ್ರಕ್ಕೆ ‘ಸಿಟ್ಟು ಬಂತು’ ಅಂತ ನೇರವಾಗಿ ಬರೆಯಬಹುದು. ಎದುರಿಗಿರುವವನಿಗೆ ‘ಸಿಟ್ಟು ಬಂದಿರಬೇಕು’, ‘ಸಿಟ್ಟು ಬಂದ ಹಾಗಿತ್ತು’. ಆದರೆ ಇದನ್ನೇ ಸಾಲಿಗೊಂದು ಮಾಡಿದರೆ ಅನುಮಾನದ ಕಥೆಯಾಗುತ್ತದೆ. ಕಾಣುವ ಕೆಲಸ ಬರೆಯುವುದು ಒಳ್ಳೆಯದು. ‘ಶರಣಪ್ಪ ಲುಂಗಿ ಎತ್ತಿ ಕಟ್ಟಿದ. ಬಿಚ್ಚಿ ಮತ್ತೆ ಕಟ್ಟಿದ.’

ಐದನೆಯದು ಹೆಸರು ಮತ್ತು ಮರ್ಯಾದೆ. ದುರುಗಮ್ಮನ ಕಣ್ಣಲ್ಲಿ ಶರಣಪ್ಪ ‘ಮೈದುನ’. ಹನುಮಂತನ ಮಗಳ ಕಣ್ಣಲ್ಲಿ ‘ಕಾಕಾ’. ಹುಸೇನಪ್ಪನ ಕಣ್ಣಲ್ಲಿ ‘ಕೆಳಗಿನ ಗದ್ದೆಯವನ ತಮ್ಮ’. ಮಗಳ ಕಣ್ಣಿಂದ ಬರೆದ ಕಥೆಯಲ್ಲಿ ‘ಹನುಮಂತ ಊಟಕ್ಕೆ ಕೂತ’ ಅಂತ ಬಂದರೆ ಮಗಳು ಅಲ್ಲಿಂದ ಮಾಯ. ‘ಅಪ್ಪ ಊಟಕ್ಕೆ ಕೂತ’ ಆಗಬೇಕು. ‘ಕೂತ’ವೋ ‘ಕೂತರು’ವೋ? ಅದು ಮನೆಯಿಂದ ಮನೆಗೆ ಬೇರೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅಪ್ಪನಿಗೆ ಏಕವಚನ, ಮಾವನಿಗೆ ಬಹುವಚನ. ಎಂಜಿನಿಯರ್ ಸಾಹೇಬರನ್ನು ಹುಸೇನಪ್ಪ ‘ಅವರು’ ಅನ್ನುತ್ತಾನೆ, ಸಿಟ್ಟಾದ ಹನುಮಂತ ಮನಸ್ಸಿನಲ್ಲಿ ‘ಅವನು’ ಅನ್ನಬಹುದು. ಮರ್ಯಾದೆಯ ರೂಪ ಯಾವ ಸಾಲಿನಲ್ಲಿ ಬದಲಾಗುತ್ತದೆ ಅನ್ನುವುದನ್ನು ಬೇಕಂತಲೇ ಮಾಡಿ, ಕೈತಪ್ಪಿ ಆಗದಿರಲಿ.

ಹೆಜ್ಜೆ 5: ಆಡುಭಾಷೆ ಎಲ್ಲಿ ನಿಲ್ಲಬೇಕು?

ಮಾತುಕತೆಯಲ್ಲಿ ರಾಯಚೂರಿನ ಮಾತು, ನಿರೂಪಣೆಯಲ್ಲಿ ಪುಸ್ತಕದ ಕನ್ನಡ. ಇದು ಬಹುತೇಕರ ದಾರಿ. ತಪ್ಪೇನಿಲ್ಲ. ಆದರೆ ಇದರಿಂದ ನಿರೂಪಕರು ಪಾತ್ರಗಳಿಂದ ಒಂದು ಮಾರು ದೂರ ನಿಂತುಬಿಡುತ್ತಾರೆ. ಆ ದೂರ ನಿಮಗೆ ಬೇಕೇ ಅಂತ ಕೇಳಿಕೊಳ್ಳಿ.

‘ಹನುಮಂತನು ಏರಿಯ ಮೇಲೆ ನಡೆದನು’ ಅನ್ನುವುದಕ್ಕೂ ‘ಹನುಮಂತ ಏರಿ ಮೇಲೆ ನಡೆದ’ ಅನ್ನುವುದಕ್ಕೂ ದೂರದ ವ್ಯತ್ಯಾಸ ಇದೆ. ಮೂರನೆಯದು, ‘ಏರಿ ಮ್ಯಾಲ ಹೊಂಟೆ, ಟಾರ್ಚ್ ಹಚ್ಚಲಿಲ್ಲ’ ಅಂತ ಹನುಮಂತನೇ ಹೇಳುವುದು. ಇದರಲ್ಲಿ ನಿರೂಪಕ ಅನ್ನುವವನು ಪೂರ್ತಿ ಕರಗಿಹೋಗಿದ್ದಾನೆ. ಹೀಗೆ ಬರೆಯುವುದಾದರೆ ಕೊನೆತನಕ ನಿಭಾಯಿಸಬೇಕು. ಆಡುಮಾತಿನ ಹನುಮಂತ ನಡುವೆ ‘ಅವರ್ಣನೀಯ ವೇದನೆ’ ಅಂದರೆ ಅದು ಅವನ ಬಾಯಲ್ಲ, ನಿಮ್ಮ ಬಾಯಿ. ನಡುವಿನ ದಾರಿಯೂ ಇದೆ. ವ್ಯಾಕರಣ ಪುಸ್ತಕದ್ದು, ಪದಗಳು ಊರಿನವು. ದುರುಗಮ್ಮನ ಭಾಗದಲ್ಲಿ ‘ನೀರು ಬಂದವು’ ಅಂತ ಬಹುವಚನದಲ್ಲೇ ಬರೆದರೆ ಸಾಕು, ಅದು ಯಾವ ಸೀಮೆಯ ಮನೆ ಅಂತ ಓದುವವರಿಗೆ ಗೊತ್ತಾಗುತ್ತದೆ.

ಹೆಜ್ಜೆ 6: ತಲೆಯಿಂದ ತಲೆಗೆ ಹಾರಿದ ಜಾಗ ಹುಡುಕಿ

“ತಮ್ಮನನ್ನು ನೋಡಿ ಹನುಮಂತನ ಎದೆ ಧಸಕ್ಕೆಂದಿತು. ಅಣ್ಣ ಹೊಡೆಯುತ್ತಾನೆ ಅಂತ ಶರಣಪ್ಪನಿಗೆ ಭಯವಾಯಿತು. ಇವನಿಗೆ ಹೊಡೆಯಲು ಕೈಯೇ ಬರುವುದಿಲ್ಲ ಅಂತ ಹನುಮಂತ ಅಂದುಕೊಂಡ.”

ಮೂರು ಸಾಲಿನಲ್ಲಿ ಎರಡು ತಲೆ, ಎರಡು ಜಿಗಿತ. ಯಾರ ಭಯವೂ ನಮಗೆ ತಟ್ಟುವುದಿಲ್ಲ. ಶರಣಪ್ಪನ ಭಯ ಹನುಮಂತನಿಗೆ ಗೊತ್ತಿರಬಾರದು. ಗೊತ್ತಿಲ್ಲದ್ದರಿಂದಲೇ ಮುಂದಿನ ಮಾತು ಹುಟ್ಟುತ್ತದೆ. ಇಬ್ಬರದೂ ತೆರೆದಿಟ್ಟರೆ ಅವರು ಮಾತಾಡುವ ಅಗತ್ಯವೇ ಇಲ್ಲ.

ಹುಡುಕುವ ಉಪಾಯ ಸರಳ. ಎರಡು ಬಣ್ಣದ ಪೆನ್ ತಗೊಳ್ಳಿ. ಒಬ್ಬರಿಗೆ ಮಾತ್ರ ಗೊತ್ತಿರಬಹುದಾದ ಪ್ರತಿ ಸಾಲಿಗೂ ಆ ಪಾತ್ರದ ಬಣ್ಣದಲ್ಲಿ ಗೆರೆ ಎಳೆಯಿರಿ. ಒಂದೇ ದೃಶ್ಯದಲ್ಲಿ ಎರಡೂ ಬಣ್ಣ ಕಂಡರೆ ನಿಂತು ಯೋಚಿಸಿ. ಕಣ್ಣು ಬದಲಿಸಲೇಬೇಕಾದರೆ ನಡುವೆ ಖಾಲಿ ಸಾಲು ಬಿಡಿ, ಹೊಸ ಭಾಗದ ಮೊದಲ ವಾಕ್ಯದಲ್ಲೇ ಇದು ಯಾರ ಕಣ್ಣು ಅಂತ ತಿಳಿಯಲಿ. ಮಾತುಕತೆಯ ಸಾಲುಗಳಿಗೆ ಗೆರೆ ಬೇಡ, ಮಾತು ಎಲ್ಲರಿಗೂ ಕೇಳಿಸುತ್ತದೆ. ಇನ್ನೊಂದು ಸಾಮಾನ್ಯ ತಪ್ಪು: ‘ಅವಳ ಮುಖ ಕೆಂಪಾಯಿತು’ ಅಂತ ಅವಳದೇ ಕಣ್ಣಿನ ಕಥೆಯಲ್ಲಿ. ತನ್ನ ಮುಖ ತನಗೆ ಕಾಣುವುದಿಲ್ಲ. ‘ಮುಖ ಬಿಸಿಯಾಯಿತು’ ಅನ್ನಿ.

ಹೆಜ್ಜೆ 7: ನಂಬಲು ಆಗದ ನಿರೂಪಕ

ಅಮೆರಿಕದ ವಿಮರ್ಶಕ ವೇಯ್ನ್ ಬೂತ್ 1961ರಲ್ಲಿ ಈ ಮಾತನ್ನು ಚಲಾವಣೆಗೆ ತಂದರು. ನಿರೂಪಕ ಹೇಳುವುದಕ್ಕೂ ನಿಜಕ್ಕೂ ಬಿರುಕು ಇರುತ್ತದೆ. ಆ ಬಿರುಕನ್ನು ಓದುವವರು ತಾವಾಗಿಯೇ ಕಾಣಬೇಕು. ಶರಣಪ್ಪನಿಗೆ ಬಾಯಿ ಕೊಟ್ಟು ನೋಡೋಣ:

“ಅಣ್ಣನ ನೀರು ಕದ್ದೆ ಅಂತ ಮಾತಾಡುತ್ತಾರೆ. ಹರಿಯುವ ನೀರಿಗೆ ಹೆಸರು ಬರೆದಿರುತ್ತದೇನು? ಆ ರಾತ್ರಿ ಹೇಗೂ ಅವನ ಗದ್ದೆಗೆ ನೀರು ಮುಟ್ಟುತ್ತಿರಲಿಲ್ಲ. ಎರಡು ಸಲ ಹೋಗಿ ನೋಡಿ ಬಂದಿದ್ದೆ.”

ತಪ್ಪಿಲ್ಲದವನು ಎರಡು ಸಲ ಯಾಕೆ ಹೋಗಿ ನೋಡಿದ? ಆ ಕೊನೆಯ ಸಾಲಿನಲ್ಲಿ ಅವನು ಬಯಲಾದ. ಇಂಥ ನಿರೂಪಕನನ್ನು ಸುಳ್ಳುಗಾರನನ್ನಾಗಿ ಮಾಡಬೇಡಿ. ತನ್ನನ್ನು ತಾನು ನಂಬಿಸಿಕೊಂಡವನನ್ನಾಗಿ ಮಾಡಿ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಕಿರುಕಾದಂಬರಿಯ ನಿರೂಪಕ ಸೌಮ್ಯವಾಗಿ ಮಾತಾಡುತ್ತಾ ಹೋಗುತ್ತಾನೆ. ಅವನು ಹೇಳದೆ ದಾಟಿಸಿದ ಸಂಗತಿಗಳೇ ಓದುವವರಲ್ಲಿ ಭಯ ಹುಟ್ಟಿಸುತ್ತವೆ.

ಹೆಜ್ಜೆ 8: ಹಲವರ ಕಣ್ಣು ಬೇಕಾದಾಗ

ಜಪಾನಿನ ಕಥೆಗಾರ ಅಕುತಗಾವ 1922ರಲ್ಲಿ ಒಂದು ಸಾವಿನ ಬಗ್ಗೆ ಹಲವರ ಹೇಳಿಕೆಗಳನ್ನೇ ಜೋಡಿಸಿ ಸಣ್ಣ ಕಥೆ ಬರೆದರು. ಹೇಳಿಕೆಗಳು ಒಂದಕ್ಕೊಂದು ಹೊಂದುವುದಿಲ್ಲ. ಕೊಂದವರು ಯಾರು ಅಂತ ಕಥೆ ಹೇಳುವುದೂ ಇಲ್ಲ. ನಮ್ಮಲ್ಲಿ ಎಸ್. ಎಲ್. ಭೈರಪ್ಪನವರ ‘ಪರ್ವ’ 1979ರಲ್ಲಿ ಬಂತು. ಅದು ಮಹಾಭಾರತವನ್ನು ಕುಂತಿ, ದ್ರೌಪದಿ, ಭೀಮ, ಕರ್ಣ ಮುಂತಾದವರ ನೆನಪುಗಳ ಮೂಲಕ ಹೇಳಿತು.

ಹಲವು ಕಣ್ಣು ಬಳಸುವ ಮೊದಲು ಒಂದೇ ಪರೀಕ್ಷೆ. ಎರಡನೆಯ ಕಣ್ಣು ಬಂದಾಗ ಮೊದಲನೆಯವರ ಮಾತಿನ ಅರ್ಥ ಬದಲಾಗುತ್ತದೆಯೇ? ಹನುಮಂತ ‘ತಮ್ಮ ನನ್ನನ್ನು ನೋಡಿ ನಕ್ಕ’ ಅಂತಾನೆ. ಶರಣಪ್ಪನ ಭಾಗದಲ್ಲಿ ಅದು ಅಳು ತಡೆಯಲು ಹಲ್ಲು ಕಚ್ಚಿದ್ದು ಅಂತ ತಿಳಿಯುತ್ತದೆ. ಹೀಗಾದರೆ ಎರಡೂ ಕಣ್ಣು ಇರಲಿ. ಅದೇ ಘಟನೆ, ಅದೇ ಅರ್ಥ ಮತ್ತೊಮ್ಮೆ ಬಂದರೆ ಒಂದನ್ನು ತೆಗೆಯಿರಿ. ಸಣ್ಣ ಕಥೆಗೆ ಒಂದು ಕಣ್ಣು ಸಾಕಾಗದಿದ್ದರೆ ಎರಡು. ಅದಕ್ಕಿಂತ ಜಾಸ್ತಿ ಬೇಕು ಅನ್ನಿಸಿದರೆ ಬಹುಶಃ ನಿಮ್ಮ ಕೈಯಲ್ಲಿರುವುದು ಕಾದಂಬರಿ.

ಹೆಜ್ಜೆ 9: ತಿದ್ದುವಾಗ

ಮೊದಲ ಕರಡು ಮುಗಿದ ಮೇಲೆ ಕಥೆಯನ್ನು ಜೋರಾಗಿ ಓದಿ. ನೋಡುವ ಪಾತ್ರ ಅಲ್ಲಿ ಇರಲು ಸಾಧ್ಯವಿಲ್ಲದ ದೃಶ್ಯ ಇದೆಯೇ? ಅವರಿಗೆ ತಿಳಿಯಲಾರದ ಮಾಹಿತಿ ನುಸುಳಿದೆಯೇ? ಕತ್ತಲಲ್ಲಿ ಟಾರ್ಚ್ ಇಲ್ಲದ ಹನುಮಂತನಿಗೆ ತಮ್ಮನ ಅಂಗಿಯ ಬಣ್ಣ ಕಾಣಬಾರದು. ಕೆಮ್ಮು ಕೇಳಬಹುದು, ಬೀಡಿಯ ವಾಸನೆ ಬರಬಹುದು. ಕಣ್ಣು ಕಟ್ಟಿದಾಗ ಕಿವಿ, ಮೂಗು ಕೆಲಸ ಮಾಡುತ್ತವೆ. ಒಳ್ಳೆಯ ಸಾಲುಗಳು ಹೆಚ್ಚಾಗಿ ಅಲ್ಲಿಂದ ಬರುತ್ತವೆ.

ಮಾಡಿದ್ದೆಲ್ಲ ಸರಿಯಿದ್ದೂ ಕಥೆ ಏಳದಿದ್ದರೆ ಇಡೀ ಕಥೆ ಮತ್ತೆ ಬರೆಯಲು ಹೋಗಬೇಡಿ. ಮುಖ್ಯವಾದ ಒಂದೇ ದೃಶ್ಯ ತಗೊಂಡು ಬೇರೆಯವರ ಕಣ್ಣಿಂದ ಒಂದು ಪುಟ ಬರೆಯಿರಿ. ಎರಡೂ ಪುಟಗಳನ್ನು ಪಕ್ಕಪಕ್ಕ ಇಡಿ. ನೀವು ಮೊದಲೇ ಯೋಚಿಸಿರದ ವಿವರ ಯಾವ ಪುಟದಲ್ಲಿ ಜಾಸ್ತಿ ಬಂದಿದೆ ಅಂತ ಎಣಿಸಿ. ದುರುಗಮ್ಮನ ಪುಟದಲ್ಲಿ ಆ ಎರಡನೇ ಟವೆಲು ಬಂತಲ್ಲ, ಅಂಥದ್ದು. ಅದು ಜಾಸ್ತಿ ಇರುವ ಪುಟವನ್ನು ಇಟ್ಟುಕೊಂಡು ಮುಂದಿನ ದೃಶ್ಯಕ್ಕೆ ಹೋಗಿ.